ಬಾಟಲಿ ತರಲು ಮಗನನ್ನು ಕಳುಹಿಸುವ ಮುನ್ನ

ಯುಗಾದಿಯ ಮರುದಿನದ ಹೊಸತೊಡಕಿಗೂ ಮದುವೆಯ ಬೆನ್ನಿಗೇ ಬರುವ ಬೀಗರೂಟಕ್ಕೂ ದೊಡ್ಡಬಳ್ಳಾಪುರ, ನೆಲಮಂಗಲಗಳ ಸೀಮೆಯಲ್ಲಿರುವ ಗೌರವ ಸಾಮಾನ್ಯವಾದುದಲ್ಲ. ಶಾಮಿಯಾನದೊಳಗೆ ಬಾಡೂಟದ ಪಂಕ್ತಿ ನಡೆಯುತ್ತಿರಲು, ಹಿಂಬದಿಯ ತೋಪಿನಲ್ಲಿ ಗಂಡಸರು ಚಾಪೆ ಹಾಸಿ ಕುಳಿತು ‘ಎಣ್ಣೆ’ಯ ಬಾಟಲಿ ತೆರೆಯುವುದೂ, ಪ್ಲಾಸ್ಟಿಕ್ ಲೋಟ, ನೀರು, ಕಡಲೆಬೀಜಗಳನ್ನು ಒದಗಿಸಲು ಹತ್ತನೆಯ ತರಗತಿಯ ಹುಡುಗರು ಓಡಾಡುವುದೂ, ತಳದಲ್ಲುಳಿದುದನ್ನು ಅವರಲ್ಲೊಬ್ಬನ ಕೈಗಿತ್ತು ‘ಕುಡಿಯೋ, ಗಂಡಸಲ್ವೇನೋ’ ಎಂದು ಸೋದರಮಾವನು ನಗುವುದೂ ಆ ಸಂಭ್ರಮದ ಅಂಗವೇ ಆಗಿಹೋಗಿದೆ. ಬಾಲಕನಿಗೆ ಮೊದಲ ಗುಟುಕನ್ನು ಕುಡಿಸುವವರು ಬಹುಮಟ್ಟಿಗೆ ಬಂಧುಗಳೇ ಎಂಬ ಕಹಿಸತ್ಯವನ್ನು ನಾವು ಮೊದಲು ಒಪ್ಪಿಕೊಳ್ಳಬೇಕು.

ಮದ್ಯ ಖರೀದಿಯ ಕನಿಷ್ಠ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ನಿಯಮವನ್ನು ರಾಜ್ಯ ಸರ್ಕಾರವು 2023ರ ಜನವರಿಯಲ್ಲಿ ಪ್ರಕಟಿಸಿ, ಸಾರ್ವಜನಿಕರ ವಿರೋಧದಿಂದ ಅದನ್ನು ಹಿಂತೆಗೆದುಕೊಂಡಿತು. ಆ ವಿರೋಧವು ಯುಕ್ತವಾದುದೇ. ಆದರೆ ಅಂದು ಸಿಟ್ಟಾದ ಮನೆಗಳಲ್ಲಿಯೇ ಎಷ್ಟು ಮಂದಿ ತಂದೆಯರು ಸಂಜೆಯಾದೊಡನೆ ಮಗನ ಕೈಗೆ ಹಣ ಕೊಟ್ಟು ‘ಒಂದು ಕ್ವಾರ್ಟರ್ ತಗೊಂಡ್ ಬಾ’ ಎನ್ನುತ್ತಿಲ್ಲ? 2015ರ ಬಾಲನ್ಯಾಯ ಕಾಯಿದೆಯ 77ನೆಯ ಪ್ರಕರಣವು ಹದಿನೆಂಟರೊಳಗಿನವರಿಗೆ ಮದ್ಯ ಕೊಟ್ಟವರಿಗೂ, 78ನೆಯದು ಅವರಿಂದ ಮದ್ಯವನ್ನು ಮಾರಿಸಿದ ಅಥವಾ ಹೊರಿಸಿದವರಿಗೂ ಏಳು ವರ್ಷಗಳವರೆಗಿನ ಕಠಿಣ ಶಿಕ್ಷೆಯನ್ನೂ ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸುತ್ತವೆ. ಅವುಗಳಲ್ಲಿ ಸೋದರಮಾವನಿಗೆ ವಿನಾಯಿತಿಯಿಲ್ಲ.

2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಗಿ ಅದರ ಪ್ಯಾಕೆಟ್ಟುಗಳು ಕಣ್ಮರೆಯಾದುವು. ಆ ಸ್ಥಾನವನ್ನು 90 ಮಿಲಿಲೀಟರಿನ ಟೆಟ್ರಾ ಪ್ಯಾಕು ಆಕ್ರಮಿಸಿತು. ಊರಿನ ಚಿಲ್ಲರೆ ಅಂಗಡಿಯಲ್ಲಿ ಶಾಂಪೂ ಸರಗಳ ಹಿಂದೆ, ಬನ್ನಿನ ಡಬ್ಬಿಯ ಮಗ್ಗುಲಲ್ಲಿ ಅಡಗಿ ಕುಳಿತು, ಹುಡುಗನ ಚಡ್ಡಿಯ ಜೇಬಿನಲ್ಲಿ ಗುಟ್ಟಾಗಿ ಹಿಡಿಸುವಷ್ಟು ಪುಟ್ಟದು ಅದು. ಪರವಾನಗಿ ಪಡೆದ ಮದ್ಯದಂಗಡಿಯು ಶಾಲೆಯಿಂದ ನೂರು ಮೀಟರು ದೂರವಿರಬೇಕೆಂದು ನಿಯಮವಿದೆ. ಪರವಾನಗಿಯೇ ಇಲ್ಲದ ಚಿಲ್ಲರೆ ಅಂಗಡಿಯ ದೂರವನ್ನು ಅಳೆಯುವವರು ಯಾರು? ಅಬಕಾರಿ ಇಲಾಖೆಯ ಜೀಪು ಊರಿಗೆ ಬರುವುದು ಎಂದೋ ಒಂದು ದಿನ; ಯಾವ ಅಂಗಡಿಯಲ್ಲಿ ಏನು ಸಿಗುವುದೆಂದು ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ದಿನವೂ ಗೊತ್ತು.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಹುಡುಗರನ್ನು ಮದ್ಯದಿಂದ ದೂರವಿಡುವ ಕಾರ್ಯವು ಊರಿನದೇ. ತಾನೇ ಕುಡಿಯುವ ತಂದೆಗೆ ಮಗನಿಗೆ ಬುದ್ಧಿ ಹೇಳಲು ಯಾವ ಮುಖವಿದೆ ಎಂದು ಕೇಳುವವರುಂಟು. ಮಗನ ಹಿತಕ್ಕಾಗಿ ಅವನು ಬಿಟ್ಟರೆ ಉತ್ತಮ. ಬಿಡಲಾರದವನೂ ಮಗನನ್ನು ಅಂಗಡಿಗೆ ಅಟ್ಟದಿರಬಹುದು, ಅವನ ಮುಂದೆ ಲೋಟ ಹಿಡಿಯದಿರಬಹುದು. ದೇವನಹಳ್ಳಿಯಲ್ಲಿ ವಿಮಾನನಿಲ್ದಾಣದ ಟ್ಯಾಕ್ಸಿ ಓಡಿಸುತ್ತಲೋ, ಹೊಸಕೋಟೆಯ ಗೋದಾಮಿನಲ್ಲೋ, ದೊಡ್ಡಬಳ್ಳಾಪುರದ ಮಗ್ಗದ ಮುಂದೋ ಪಾಳಿಯ ದುಡಿಮೆಯಲ್ಲಿರುವ ತಂದೆತಾಯಿಯರಿಗೆ ಮಗನ ಸಂಜೆ ಕಾಣದು. ಅಲ್ಲಿ ಊರಿನ ಕಣ್ಣು ಬೇಕು. ಶಾಲಾಭಿವೃದ್ಧಿ ಸಮಿತಿಯು ಕಟ್ಟಡದ ಸುಣ್ಣಬಣ್ಣದ ಮಾತಿನೊಡನೆ ಇದನ್ನೂ ಆಡಲಿ. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯೊಬ್ಬಳು ಎದ್ದು ಮದ್ಯ ಮಾರುವ ಅಂಗಡಿಯ ಹೆಸರು ಹೇಳಿದರೆ ಪಂಚಾಯಿತಿಯು ಅದನ್ನು ನಡಾವಳಿಯಲ್ಲಿ ಬರೆದುಕೊಂಡು, ಅವಳ ಹೆಸರನ್ನು ಗುಟ್ಟಾಗಿರಿಸಲಿ. ಮಕ್ಕಳ ಸಹಾಯವಾಣಿ 1098 ಇದ್ದೇ ಇದೆ.

ಪಾಲಕರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಸೇರಿಸಬೇಕೆಂದು ಪಂಚಾಯಿತಿಗೆ ಲಿಖಿತವಾಗಿ ಅರ್ಜಿ ಕೊಡಿರಿ, ನಿರ್ಣಯದ ಪ್ರತಿಯನ್ನು ಕೇಳಿ ಪಡೆಯಿರಿ.