ಹಾಸಿಗೆಯ ಅಳತೆ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಿರಿಯರು ಕಿರಿಯರಿಗೆ ಇದನ್ನು ಹೇಳುತ್ತಲೇ ಬಂದಿದ್ದಾರೆ. ಆದರೂ ಆದಾಯವನ್ನು ಮೀರಿದ ವೆಚ್ಚ, ವೆಚ್ಚಕ್ಕಾಗಿ ಸಾಲ, ಆ ಸಾಲಕ್ಕಾಗಿ ಮತ್ತೊಂದು ಸಾಲ ನಮ್ಮ ಸಂಸಾರಗಳನ್ನು ಬಿಟ್ಟಿಲ್ಲ. ಗಾದೆಯಲ್ಲಿ ತಪ್ಪಿಲ್ಲ. ಆದರೆ ಹಾಸಿಗೆ ಎಷ್ಟು ಉದ್ದವಿದೆಯೆಂದು ಅಳೆದು ನೋಡುವವರು ವಿರಳ. ಅಳೆದವರೂ ಆ ಅಳತೆಯನ್ನು ಮನೆಯ ಉಳಿದವರಿಗೆ ತಿಳಿಸುವುದಿಲ್ಲ. ಮನೆಯ ಆದಾಯ, ವೆಚ್ಚ, ಸಾಲಗಳು ಮನೆಯ ಎಲ್ಲರಿಗೂ, ನಿಮ್ಮ ವಯಸ್ಸಿನ ಮಕ್ಕಳಿಗೂ ತಿಳಿದಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದು ಪುಸ್ತಕ ಓದಿ ಮೂಡಿದ ಅಭಿಪ್ರಾಯವಲ್ಲ.

ನನ್ನ ತಂದೆ ಒಂದು ಸಣ್ಣ ಊರಿನ ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಸಂಬಳ ತಿಂಗಳಿಗೆ 240 ರೂಪಾಯಿ. 1969ರಲ್ಲಿ ನನ್ನ ಸೋದರತ್ತೆಯ ಮದುವೆಗಾಗಿ ಅವರು, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ 2,000 ರೂಪಾಯಿ ಸಾಲ ತಂದರು. ಈ ಸಂಗತಿಯನ್ನು ನನ್ನ ತಾಯಿಗೆ ತಿಳಿಸಲಿಲ್ಲ. ಹೆಂಗಸರ ತಲೆಗೆ ಇಂಥ ಚಿಂತೆ ಏಕೆಂಬುದು ಆ ಕಾಲದ ಗೃಹಸ್ಥರ ಭಾವನೆ. ಅದರಲ್ಲಿ ಪ್ರೀತಿಯೂ ಇತ್ತು, ಒಂದಿಷ್ಟು ಬಿಂಕವೂ ಇತ್ತು. ತಾಯಿಯ ಕೈಗೆ ತಿಂಗಳಿಗೆ 200 ರೂಪಾಯಿ ಬರುತ್ತಿತ್ತು. ಇಡಿಯ ಸಂಬಳವೇ ಅಷ್ಟೆಂದು ಆಕೆ ತಿಳಿದಿದ್ದರು. ತಿಂಗಳ ಕೊನೆಯ ವಾರದಲ್ಲಿ ಅಕ್ಕಿಯ ಡಬ್ಬದ ತಳ ಕಂಡಾಗಲೆಲ್ಲ ತನಗೆ ಸಂಸಾರ ನಡೆಸುವ ಜಾಣ್ಮೆ ಸಾಲದೆಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದರು.

1974ರಲ್ಲಿ ನಾನು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದೆ. ತರಗತಿಯ ಇಬ್ಬರ ಬಳಿ ಕೈಗಡಿಯಾರವಿತ್ತು. ನನಗೂ ಬೇಕೆಂದು ಹಟ ಹಿಡಿದೆ. ತಂದೆ ಒಮ್ಮೆ 'ಆಗಲಿ' ಎನ್ನುವರು, ಒಮ್ಮೆ 'ನೋಡೋಣ' ಎನ್ನುವರು. ನನ್ನ ಕಾಟ ತಡೆಯಲಾರದೆ ಒಂದು ರಾತ್ರಿ ಊಟವಾದ ಮೇಲೆ ಸಾಲದ ಸಂಗತಿಯನ್ನು ಹೊರಗೆಡವಿದರು. ತಾಯಿ ಅಳಲಿಲ್ಲ, ಜಗಳವಾಡಲಿಲ್ಲ. "ನಿನಗೆ ಲೆಕ್ಕ ಬರುತ್ತದಲ್ಲ, ಬರೆದು ಹೇಳು" ಎಂದು ನನ್ನ ಹಳೆಯ ನೋಟುಬುಕ್ಕನ್ನು ಮುಂದೆ ಇಟ್ಟರು. ತಿಂಗಳಿಗೆ 40 ರೂಪಾಯಿ, ವರ್ಷಕ್ಕೆ 480, ಐದು ವರ್ಷಕ್ಕೆ 2,400. ತಂದ ಸಾಲಕ್ಕಿಂತ ಹೆಚ್ಚು ಹಣ ಬಡ್ಡಿಯಾಗಿ ಹೋಗಿತ್ತು. ಅಸಲು ಮಾತ್ರ ಒಂದು ಪೈಸೆಯೂ ಕರಗದೆ ಹಾಗೆಯೇ ನಿಂತಿತ್ತು! ಶಾಲೆಯಲ್ಲಿ ಸರಳಬಡ್ಡಿಯ ಲೆಕ್ಕಗಳನ್ನು ಹತ್ತಾರು ಮಾಡಿದ್ದೆ. ಆ ಲೆಕ್ಕಗಳಲ್ಲಿ ಸಾಲ ಮಾಡಿದವನಿಗೆ ಮುಖವಿರಲಿಲ್ಲ. ನೂರಕ್ಕೆ ಎರಡು ಎಂಬ ಮಾತು ಕಿವಿಗೆ ಎಷ್ಟು ಹಗುರ! ವರ್ಷಕ್ಕೆ ಶೇಕಡ 24 ಎಂದೊಡನೆ ಅದರ ಭಾರ ತಿಳಿಯುತ್ತದೆ.

ತಾಯಿಯ ಸಲಹೆಯಂತೆ ತಂದೆ ಊರಿನ ಪತ್ತಿನ ಸಹಕಾರ ಸಂಘದ ಸದಸ್ಯರಾಗಿ, ವರ್ಷಕ್ಕೆ ಶೇಕಡ 12ರ ಬಡ್ಡಿಯಲ್ಲಿ ಸಾಲ ಪಡೆದು ಹಳೆಯ ಸಾಲವನ್ನು ತೀರಿಸಿದರು. ರೈತರನ್ನು ಲೇವಾದೇವಿಗಾರರ ಹಿಡಿತದಿಂದ ಬಿಡಿಸಲು ಸಿದ್ದನಗೌಡ ಪಾಟೀಲರು ಗದಗದ ಬಳಿಯ ಕಣಗಿನಹಾಳದಲ್ಲಿ ಸಹಕಾರ ಸಂಘವನ್ನು ಕಟ್ಟಿದ್ದು 1905ರಲ್ಲಿ. ಅಂಥ ಸಂಘವೊಂದು ನಮ್ಮ ಬೀದಿಯ ಕೊನೆಯಲ್ಲೇ ಇದ್ದರೂ ತಂದೆ ಅದರ ಮೆಟ್ಟಿಲು ಹತ್ತಿರಲಿಲ್ಲ. ಗುಟ್ಟು ರಟ್ಟಾಗುವ ಭಯ! ತಿಂಗಳಿಗೆ 60 ರೂಪಾಯಿ ಕಟ್ಟುವುದೆಂದಾಯಿತು. ಹೆಚ್ಚಿನ 20 ರೂಪಾಯಿಗಾಗಿ ತಂದೆ ಹೋಟೆಲಿನ ತಿಂಡಿಯನ್ನೂ ನಶ್ಯವನ್ನೂ ಬಿಟ್ಟರು. ಹಬ್ಬದ ಹೊಸ ಬಟ್ಟೆ ವರ್ಷಕ್ಕೊಮ್ಮೆಗೆ ಇಳಿಯಿತು. ಪ್ರತಿ ರಾತ್ರಿ ಖರ್ಚು ಬರೆಯುವ ಕೆಲಸ ನನ್ನದು. ಆ ಪುಸ್ತಕದ ಮೊದಲ ಪುಟದಲ್ಲಿ ತಾಯಿ ನನ್ನಿಂದಲೇ ಒಂದು ಸಾಲು ಬರೆಸಿದ್ದರು: 'ಕೈಗಡಿಯಾರ: ಸಾಲ ತೀರಿದ ಮೇಲೆ.' ನಾನು ಮತ್ತೆ ಅದನ್ನು ಕೇಳಲಿಲ್ಲ. ಬರಿದೆ 'ಇಲ್ಲ' ಎಂದರೆ ಮಕ್ಕಳ ಹಟ ಬೆಳೆಯುತ್ತದೆ. ಏಕೆ ಇಲ್ಲವೆಂಬುದನ್ನು ಕಣ್ಣಾರೆ ಕಂಡ ಮಗು ಹಟ ಮಾಡಲಾರದು.

ಲೆಕ್ಕ ಬರೆದ ಮಾತ್ರಕ್ಕೆ ಹಣ ಹುಟ್ಟುವುದಿಲ್ಲ ನಿಜ. ದುಡಿಮೆಗೆ ತಕ್ಕ ಕೂಲಿ ದೊರೆಯದವರಿಗೆ ಮಿತವ್ಯಯವನ್ನು ಬೋಧಿಸುವುದು, ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಅಂಥವರಿಗೆ ಬೇಕಾದುದು ಉಪದೇಶವಲ್ಲ, ಅನುಕೂಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿ ಅಂಥದೊಂದು ಅನುಕೂಲ. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಬ್ಯಾಂಕಿನವರು ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು. ಅಂದಿನ ಗಳಿಕೆಯನ್ನು ಅಂದೇ ಕಾಣುವವರಿಗೆ ಅಂದಂದೇ ಉಳಿಸುವ ದಾರಿಯೂ ಬೇಕಲ್ಲವೆ?

ಇಂದು ಹಣ ಕೈಯಿಂದ ಹೋಗುವುದೇ ಕಾಣುವುದಿಲ್ಲ. ಫೋನಿನ ಗಾಜಿನ ಮೇಲೆ ಬೆರಳಾಡಿದರೆ ಸಾಕು. ತಿಂಗಳ ಕಂತಿನಲ್ಲಿ ಕೊಳ್ಳದ ವಸ್ತುವಿಲ್ಲ. ಕಂತು ಎಷ್ಟೆಂದು ಮಾತ್ರ ಕೇಳಿ ತೃಪ್ತರಾಗಬೇಡಿ. ಎಲ್ಲ ಕಂತುಗಳನ್ನು ಕೂಡಿದರೆ ಎಷ್ಟಾಗುತ್ತದೆ, ಒಂದು ಕಂತು ತಪ್ಪಿದರೆ ಏನಾಗುತ್ತದೆ ಎಂದು ಕೇಳಿ, ಕಾಗದದ ಮೇಲೆ ಬರೆದು ನೋಡಿ.

'ಮಕ್ಕಳಿಗೆ ಇದೆಲ್ಲ ಏಕೆ, ಓದಿಕೊಂಡಿರಲಿ' ಎನ್ನುವ ಹಿರಿಯರಿದ್ದಾರೆ. ಅವರ ವಾತ್ಸಲ್ಯವನ್ನು ನಾನು ಅಲ್ಲಗಳೆಯೆ. ಆದರೆ ಆ ಐದು ವರ್ಷ ನನ್ನ ತಂದೆಯನ್ನು ಸವೆಸಿದ್ದು ಸಾಲಕ್ಕಿಂತ ಹೆಚ್ಚಾಗಿ ಅದನ್ನು ಬಚ್ಚಿಟ್ಟ ಶ್ರಮ. ಲೆಕ್ಕದ ಪುಸ್ತಕ ಬಂದ ಮೇಲೆ ಅವರು ರಾತ್ರಿ ನಿದ್ರೆ ಮಾಡತೊಡಗಿದರು.

ಸಾಲ 1978ರ ಫೆಬ್ರವರಿಯಲ್ಲಿ ತೀರಿತು. ಆ ಪುಸ್ತಕ ಇಂದಿಗೂ ನನ್ನ ಬಳಿಯಿದೆ. ಕೈಗಡಿಯಾರ ಎಂಬ ಮಾತನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಕಾಲೇಜಿನ ಶುಲ್ಕ' ಎಂದು ಬರೆದಿದೆ. ಅದು ನನ್ನದೇ ಕೈಬರಹ.