ತಕ್ಕಡಿಯ ಇನ್ನೊಂದು ತಟ್ಟೆ

‘ಹುಡುಗಿ ಓದಿದ್ದಾಳೆ, ಕೆಲಸದಲ್ಲಿದ್ದಾಳೆ, ಎಲ್ಲ ಸರಿ, ಆದರೆ ಸ್ವಲ್ಪ ದಪ್ಪ.’ ಬೆಂಗಳೂರಿನ ಸಂಬಂಧದ ಮಾತುಕತೆಗಳಲ್ಲಿ ಈ ‘ಆದರೆ’ಯನ್ನು ನಾನು ಕೇಳಿದ್ದಕ್ಕೆ ಲೆಕ್ಕವಿಲ್ಲ. ಎದುರಿಗೆ ಕುಳಿತ ವರಮಹಾಶಯರ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ಪಡುವ ಪಾಡನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅವರದು ದಪ್ಪವಲ್ಲ, ಅನುಕೂಲಸ್ಥರ ಮೈಕಟ್ಟು!

ಆಕ್ಷೇಪಿಸಿದರೆ, ‘ಆರೋಗ್ಯದ ದೃಷ್ಟಿಯಿಂದ ಹೇಳಿದೆವು’ ಎಂಬ ಸಮಜಾಯಿಷಿ. ಒಳ್ಳೆಯದು, ಆರೋಗ್ಯದ ಲೆಕ್ಕವನ್ನೇ ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚು. ಗಂಡಸರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ತೂಕ ಸಮಪಾಲು, ತೀರ್ಪು ಮಾತ್ರ ಒಬ್ಬರ ಮೇಲೆ, ಇದಾವ ವೈದ್ಯಶಾಸ್ತ್ರ? ಅದೇ ಸಮೀಕ್ಷೆಯಂತೆ ಇಲ್ಲಿನ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಮಂದಿಗೆ ರಕ್ತಹೀನತೆ. ‘ಹುಡುಗಿಯ ಮೈಯಲ್ಲಿ ರಕ್ತ ಸಾಕಷ್ಟಿದೆಯೆ?’ ಎಂದು ಕೇಳಿದ ಬೀಗರನ್ನು ನಾನಿನ್ನೂ ಕಂಡಿಲ್ಲ. ಅವರನ್ನು ಮೆಚ್ಚಿಸಲು ಊಟ ಬಿಟ್ಟು ಸೊರಗುವ ಹುಡುಗಿಯರನ್ನು ಕಂಡಿದ್ದೇನೆ.

ಸೌಂದರ್ಯದ ಮಾತೆನ್ನುವಿರಾ? ಬೇಲೂರಿನ ಶಿಲ್ಪಿಗಳು ಮದನಿಕೆಯರನ್ನು ಕಡೆದದ್ದು ತುಂಬಿದ ಮೈಯಲ್ಲಿಯೇ. ಅಜ್ಜಿಯರ ಬಾಯಲ್ಲಿ ‘ಮೈಕೈ ತುಂಬಿಕೊಂಡಿದ್ದಾಳೆ’ ಎಂಬುದು ಮೆಚ್ಚುಗೆಯಾಗಿತ್ತು. ಕಣ್ಣಿನ ರುಚಿ ಬದಲಾಯಿತು. ಹೆಣ್ಣನ್ನು ಅಳೆಯುವ ಹಕ್ಕು ತಮ್ಮದೆಂಬ ಠೇಂಕಾರ ಬದಲಾಗಲಿಲ್ಲ. ಮೊಬೈಲಿನಲ್ಲಿ ಫೋಟೋ ನೋಡಿ ಬೆರಳಿನಿಂದ ತಳ್ಳಿಬಿಡುವ ಹೊಸ ತರುಣರೂ ಈ ವಿಷಯದಲ್ಲಿ ಹಳೆಯ ಬೀಗರೇ.

ಹೆತ್ತವರಿಗೆ ನನ್ನದೊಂದು ಮಾತು. ಮಗಳ ತೂಕ ಕೇಳಿದವರೆದುರು ತಲೆ ತಗ್ಗಿಸಬೇಡಿ. ತಕ್ಕಡಿಗೆ ಎರಡು ತಟ್ಟೆ. ಇನ್ನೊಂದರಲ್ಲಿ ಮೊದಲು ನಿಮ್ಮ ಮಗ ಕೂರಲಿ, ಎನ್ನಿ.