ಕಾಲು ಕತ್ತರಿಸಲು ಹಣವುಂಟು, ನಡೆಯಲು ಇಲ್ಲವೆ?



ಅಹಮದಾಬಾದಿನ ಹೋಟೆಲಾಗಲಿ, ಸೂರತ್ತಿನ ಗಿರಣಿಯಾಗಲಿ, ವಡೋದರೆಯ ಕಾರ್ಖಾನೆಯಾಗಲಿ, ನಮ್ಮ ಬಂಡವಾಳ ಎರಡು ಕೈ, ಎರಡು ಕಾಲು. ರುಬ್ಬುವ ಯಂತ್ರಕ್ಕೆ ಕೈ ಸಿಕ್ಕಿತೋ, ಸಕ್ಕರೆ ಕಾಯಿಲೆಯ ಹುಣ್ಣು ಕಾಲನ್ನು ತಿಂದಿತೋ, ಮರುದಿನದಿಂದ ನಾವು ಯಾರಿಗೂ ಬೇಡದವರು.

ಆಯುಷ್ಮಾನ್ ಕಾರ್ಡು ಇದೆಯಲ್ಲ ಎನ್ನುತ್ತಾರೆ. ಇದೆ. 2018ರಲ್ಲಿ ಬಂದ ಈ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಟ್ಟಿತು. ಗುಜರಾತ್ ಸರಕಾರ 2023ರಲ್ಲಿ ಅದನ್ನು 10 ಲಕ್ಷಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಈ ಹಣ ಆಸ್ಪತ್ರೆಯಲ್ಲಿ ಮಲಗಿದವನಿಗೆ, ಮನೆಗೆ ಬಂದ ಮೇಲೆ 15 ದಿನಗಳ ಮದ್ದಿಗೆ. ಕೃತಕ ಕಾಲು 15 ದಿನದಲ್ಲಿ ಆಗುವ ಕೆಲಸವೆ? ಗಾಯ ಮಾಯಬೇಕು, ಬಾವು ಇಳಿಯಬೇಕು, ಅಳತೆ ತೆಗೆಯಬೇಕು, ನಡೆಯಲು ಹೊಸದಾಗಿ ಕಲಿಯಬೇಕು. ಮೋಟುಕಾಲು ಸೊರಗಿದಂತೆ ಅದು ಕೂರುವ ಬಟ್ಟಲನ್ನೂ ಬದಲಾಯಿಸಬೇಕು. ಅಷ್ಟರಲ್ಲಿ ಕಾರ್ಡಿನ ಬಾಗಿಲು ಮುಚ್ಚಿರುತ್ತದೆ.

1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ವಿಮೆ ಕಾರ್ಮಿಕನಿಗೆ ಕೃತಕ ಅಂಗ ಕೊಡುತ್ತದೆ. ಅದು ಧರ್ಮವಲ್ಲ. 2019ರ ಜುಲೈಯಿಂದ ಸಂಬಳದ ನೂರು ರೂಪಾಯಿಗೆ ನಮ್ಮ ಪಾಲು 75 ಪೈಸೆ, ಧಣಿಗಳ ಪಾಲು 3 ರೂಪಾಯಿ 25 ಪೈಸೆ. ಆದರೆ 10 ಮಂದಿ ಇಲ್ಲದ ಹೋಟೆಲಿಗೆ ಅದು ಕಡ್ಡಾಯವಲ್ಲ. 12 ಮಂದಿ ದುಡಿಯುವಲ್ಲಿ ಪುಸ್ತಕದಲ್ಲಿ 9 ಹೆಸರು ಇರುವುದೇಕೆಂದು ನಮಗೆ ತಿಳಿಯದೆ? ಇನ್ನು 2017ರಲ್ಲಿ ಇಟ್ಟ 21,000 ರೂಪಾಯಿಯ ಮಿತಿ ದಾಟಿದವನೂ ಹೊರಗೆ.

ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ. ಕೆ. ಸೇಠಿಯವರು ರೂಪಿಸಿದ ರಬ್ಬರಿನ ಪಾದವನ್ನು ಅಲ್ಲಿನ ಭಗವಾನ್ ಮಹಾವೀರ ಸಮಿತಿ 1975ರಿಂದ ಉಚಿತವಾಗಿ ಕೊಡುತ್ತ ಬಂದಿದೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಪುಣ್ಯವಂತರ ಶಿಬಿರ ಎಂದು ಬಂದೀತೆಂದು ಕಾಯುವುದು ಬಾಳಲ್ಲ.

ನಾವು ಕೇಳುವುದು ಇಷ್ಟೆ. ಒಂದು, ಕೈಕಾಲು ತೆಗೆದ ಕಾರ್ಡಿನಲ್ಲೇ ಕೃತಕ ಅಂಗ, ನಡಿಗೆಯ ತರಬೇತಿ, ರಿಪೇರಿ, ಬದಲಿ ಅಂಗ ಎಲ್ಲವೂ ಸೇರಲಿ. ಎರಡು, ಇ.ಎಸ್.ಐ.ಗೆ ತಲೆಯೆಣಿಕೆಯ ನೆಪ ಬೇಡ. ಒಬ್ಬ ಮಾಣಿ ಇದ್ದರೂ ವಿಮೆಯಾಗಲಿ. ಮೂರು, ಸಂಬಳದ ಮಿತಿ ಏರಲಿ.

ಇದೇ ಅಹಮದಾಬಾದಿನ ಗಿರಣಿ ಕಾರ್ಮಿಕರು 1918ರಲ್ಲಿ ನೂರಕ್ಕೆ 35 ಹೆಚ್ಚು ಮಜೂರಿ ಕೇಳಿ ನಿಂತಾಗ ದಾನ ಬೇಡಲಿಲ್ಲ. ನಾವೂ ಬೇಡುವುದಿಲ್ಲ. ಮೊದಲ ಕೆಲಸ ನಿಮ್ಮದು: ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯೆ, ಇಂದೇ ಕೇಳಿರಿ. ಇಲ್ಲವಾದರೆ ಸಂಘಕ್ಕೆ ಬನ್ನಿರಿ, ಎರಡು ಕಾಲೂ ನೆಟ್ಟಗಿರುವಾಗಲೇ ಬನ್ನಿರಿ.